ಹೊದಿಕೆಯೊಳಗಿನ ಕೆಂಪು ದೀಪ

"ಲೈಟು, ಬಾಗಿಲು, ಕೀಲಿ."

ಕಾರು ನಿಲ್ಲಿಸಿ ಇಳಿದ ಮೇಲೆ ಅಪ್ಪ ಹೀಗೆ ಒಪ್ಪಿಸುತ್ತಿದ್ದರು. ಒಂದೊಂದು ಮಾತಿಗೂ ಆಯಾ ಜಾಗವನ್ನು ಬೆರಳಿನಿಂದ ಮುಟ್ಟುತ್ತಿದ್ದರು, ಒಂದನೇ ಕ್ಲಾಸಿನ ಮಗುವಿನ ಹಾಗೆ. ನೂಲಿನ ಗಿರಣಿಗಳಲ್ಲಿ ಎಂಜಿನಿಯರಾಗಿ ಇಡೀ ಆಯುಸ್ಸು ಸವೆಸಿದ ಮನುಷ್ಯ ಅವರು. ಎಂಥೆಂಥ ಯಂತ್ರಗಳೋ ಅವರ ಕೈಗೆ ಹೆದರಿ ನೆಟ್ಟಗಾಗಿದ್ದವು. ಈಗ ತಮ್ಮ ತಲೆಯನ್ನೇ ನಂಬದೆ ಬೆರಳನ್ನು ನಂಬತೊಡಗಿದ್ದರು.

ಅಪ್ಪನಿಗೆ ಕನ್ನಡ ಓದಲು ಬರುವುದಿಲ್ಲ, ಆ ಧೈರ್ಯದಲ್ಲಿಯೇ ಇದನ್ನೆಲ್ಲ ಬರೆಯುತ್ತಿದ್ದೇನೆ. ನಮ್ಮದು ತಲೆಮಾರುಗಳಿಂದ ಕೊಯಮತ್ತೂರಿನ ಮನೆ. ಗೇಟಿನ ಒಳಗೆ ಕನ್ನಡ, ಗೇಟು ದಾಟಿದರೆ ತಮಿಳು. ಒಳಗಿನ ಕನ್ನಡದಲ್ಲೂ ಅರ್ಧ ತಮಿಳೇ. ಕಾರಿಗೆ ನಾವು ವಂಡಿ ಎನ್ನುತ್ತೇವೆ, ಕಾಲೇಜಿನಲ್ಲಿ ಗಣಿತ ಪಾಠ ಮಾಡುವ ನನ್ನನ್ನು ಅಪ್ಪ ಈಗಲೂ ಪುಟ್ಟ ಹುಡುಗಿಯನ್ನು ಕರೆದ ಹಾಗೆ ಅಮ್ಮಣಿ ಎಂದೇ ಕರೆಯುತ್ತಾರೆ.

ನಿವೃತ್ತರಾದ ಮೇಲೂ ಪ್ರತಿ ಗುರುವಾರ ಅವರಿಗೊಂದು ಕೆಲಸವಿತ್ತು. ಉಡುಮಲೈಪೇಟೆಯ ಒಂದು ಸಣ್ಣ ಗಿರಣಿಯವರು ಯಂತ್ರಗಳನ್ನು ನೋಡಿ ಹೋಗಿ ಎಂದು ಕರೆಯುತ್ತಿದ್ದರು. ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು, ಮೊಸರನ್ನದ ಡಬ್ಬಿ ಹಿಡಿದು ಹೊರಟರೆ ದಾರಿಯ ಕಿಣತ್ತುಕಡವಿನಲ್ಲಿ ಒಂದು ಟೀ, ಮಧ್ಯಾಹ್ನದ ಬಿಸಿಲು ಇಳಿಯುವ ಮುಂಚೆ ವಾಪಸ್. ಉಳಿದ ದಿನಗಳಲ್ಲಿ ಅಪ್ಪ ಸುಮ್ಮನೆ ಗುರುವಾರಕ್ಕೆ ಕಾಯುತ್ತಿದ್ದರು ಎಂದರೂ ತಪ್ಪಿಲ್ಲ.

ಹಳೆಯ ಕಾರನ್ನು ಮಾರಿ, ಇನ್ನೊಬ್ಬರು ಓಡಿಸಿದ್ದ ಬೇರೊಂದು ಕಾರನ್ನು ತಂದ ಮೇಲೆ ಗ್ರಹಚಾರ ಶುರುವಾಯಿತು. ಗುರುವಾರ ಬೆಳಿಗ್ಗೆ, ವಾರವಿಡೀ ಕಾರಿಗೆ ಹೊದಿಸಿದ್ದ ಹೊದಿಕೆ ತೆಗೆದು ಕೀಲಿ ತಿರುಗಿಸಿದರೆ ಟಕ್ ಎಂಬ ಸದ್ದು, ಅಷ್ಟೇ. ಬ್ಯಾಟರಿ ಸತ್ತಿತ್ತು. ಮೆಕ್ಯಾನಿಕ್ ಬಂದು ಬೇರೆ ಬ್ಯಾಟರಿಯ ಜೀವ ಕೊಟ್ಟು ಎಬ್ಬಿಸಿದ. ಮುಂದಿನ ಗುರುವಾರ ಮತ್ತೆ ಅದೇ. ಅಂದಿನಿಂದಲೇ ಅಪ್ಪ ಲೈಟು, ಬಾಗಿಲು, ಕೀಲಿ ಎಂದು ಒಪ್ಪಿಸತೊಡಗಿದ್ದು. ಹೊಸ ಬ್ಯಾಟರಿ ಹಾಕಿಸಿದೆವು. ಅದರ ಮುಂದಿನ ಗುರುವಾರ ಹೊಸದೂ ಮಲಗಿತು.

"ಹೊಸ ಬ್ಯಾಟರಿ ತಾನಾಗಿ ಸಾಯಲ್ಲ ಸಾರ್. ಲೈಟು ಹಾಕಿ ಮರೆತಿರ್ತೀರಿ," ಎಂದು ಮೆಕ್ಯಾನಿಕ್ ತಮಿಳಿನಲ್ಲಿ ಹೇಳಿ, ಅದನ್ನು ಚಾರ್ಜ್ ಮಾಡಿಸಲು ಹೊತ್ತುಕೊಂಡು ಹೋದ.

ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. "ಏನ್ರೀ, ಲೈಟ್ ಆಫ್ ಮಾಡಿದ್ರಾ ಇಲ್ವಾ?"

"ಮಾಡಿದೆ," ಎಂದರು ಅಪ್ಪ. ಸ್ವಲ್ಪ ತಡೆದು, "ಮಾಡಿದೆ ಅಂತ ನೆನಪು."

ಆ ಎರಡನೆಯ ಮಾತು ಅಮ್ಮನನ್ನು ಹೆದರಿಸಿಬಿಟ್ಟಿತು. ಅವಳ ಅಣ್ಣ, ನನ್ನ ಸೋದರಮಾವ, ಮೊದಮೊದಲು ಗ್ಯಾಸ್ ಒಲೆ ಆರಿಸಲು ಮರೆಯುತ್ತಿದ್ದರು. ಕೊನೆಗೆ ಒಂದು ದಿನ ಪೊಳ್ಳಾಚಿ ಸಂತೆಯಲ್ಲಿ ನಿಂತು ತಮ್ಮ ಮನೆಗೆ ದಾರಿ ಯಾವುದೆಂದು ಕಂಡಕಂಡವರನ್ನು ಕೇಳುತ್ತಿದ್ದರು. ಅಮ್ಮ ಕಾರಿನ ಕೀಲಿಯನ್ನು ತೆಗೆದು ಸೆರಗಿಗೆ ಗಂಟು ಹಾಕಿಕೊಂಡಳು.

"ಇನ್ಮೇಲೆ ಬೇಡ. ಉಡುಮಲೈಗೆ ಬರಲ್ಲ ಅಂತ ಹೇಳ್ಬಿಡಿ."

ಅಪ್ಪ ಜಗಳವಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರು "ಸೆರಿ" ಎಂದರು. ಇಸ್ತ್ರಿ ಅಂಗಿಯನ್ನು ಬಿಚ್ಚಿ ನೀಟಾಗಿ ಮಡಚಿಟ್ಟರು. ನನಗೆ ಎಲ್ಲಿಲ್ಲದ ಕೋಪ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ, ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಸಂಜೆ ಮೆಕ್ಯಾನಿಕ್ ಚಾರ್ಜ್ ಆದ ಬ್ಯಾಟರಿಯನ್ನು ತಂದು ಕೂರಿಸಿ ಹೋದ. ಓಡಿಸದಿದ್ದರೂ ಧೂಳು ಕೂರಬಾರದಲ್ಲ ಎಂದು ಅಪ್ಪ ಕಾರಿಗೆ ಹೊದಿಕೆ ಹೊದಿಸಿದರು. ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತು. ನಮ್ಮ ಮನೆಯದು ಮಾತ್ರವೋ ಇಡೀ ಬೀದಿಯದೋ ನೋಡೋಣವೆಂದು ಹೊರಗೆ ಬಂದೆ. ಇಡೀ ಬೀದಿ ಕತ್ತಲು. ಆದರೆ ನಮ್ಮ ಕಾರಿನ ಬೂದು ಹೊದಿಕೆಯ ಮೇಲೆ, ಮುಂಗಾಜಿನ ಕಡೆ, ಕುಂಕುಮದ ಬೊಟ್ಟಿನಂಥ ಒಂದು ಬೆಳಕು.

ಹೊದಿಕೆ ಎತ್ತಿದೆ. ಡ್ಯಾಶ್‌ಬೋರ್ಡಿನ ಮೇಲೆ, ನಾವು ಪಿಳ್ಳೆಯಾರ್ ಎನ್ನುವ ಗಣಪತಿಯ ಮುಂದೆ, ಅಮ್ಮ ಇಡಿಸಿದ್ದ ದೀಪ ಉರಿಯುತ್ತಿತ್ತು. ಹಿತ್ತಾಳೆ ಹಣತೆಯ ಆಕಾರ, ಒಳಗೆ ಮುಟ್ಟಿದರೆ ಸುಡುವ ಹಳೇ ಕಾಲದ ಕೆಂಪು ಬಲ್ಬು, ಅದರ ವೈರು ಫೋನ್ ಚಾರ್ಜರ್ ಚುಚ್ಚುವ ಸಾಕೆಟ್ಟಿಗೆ. ಹಳೆಯ ಕಾರಿನಲ್ಲಿ ವರ್ಷಗಟ್ಟಲೆ ಇದ್ದ ದೀಪ ಅದು. ಕೀಲಿ ತಿರುಗಿಸಿದರೆ ಹತ್ತುತ್ತಿತ್ತು, ತೆಗೆದರೆ ಆರುತ್ತಿತ್ತು. ಯಾರೂ ಅದನ್ನು ಮುಟ್ಟುತ್ತಿರಲಿಲ್ಲ, ದೇವರ ದೀಪವನ್ನು ಕೈಯಾರೆ ಯಾರು ಆರಿಸುತ್ತಾರೆ? ಹಾಗೆಯೇ ಈ ಕಾರಿಗೂ ಬಂತು. ಈ ಕಾರಿನ ಸಾಕೆಟ್ಟಿಗೆ ಕೀಲಿಯ ಹಂಗಿಲ್ಲ, ಸದಾ ಕರೆಂಟು ಇರುತ್ತದೆ ಎಂದು ನಮಗೆ ಯಾರು ಹೇಳಬೇಕಿತ್ತು? ಬಿಸಿಲಿನಲ್ಲಿ ಮನೆಗೆ ಬಂದಾಗ ಆ ಬೆಳಕು ಕಣ್ಣಿಗೆ ಬೀಳುತ್ತಿರಲಿಲ್ಲ. ಆಮೇಲೆ ಹೊದಿಕೆ. ಮುಂದಿನ ವಾರ ಹೊದಿಕೆ ತೆಗೆಯುವಷ್ಟರಲ್ಲಿ ಬ್ಯಾಟರಿಯನ್ನು ಪೂರ್ತಿ ಕುಡಿದು ಅದೂ ಆರಿರುತ್ತಿತ್ತು.

ಅಪ್ಪನನ್ನು ಕೂಗಿದೆ. ಅವರು ಬಂದು ಬಗ್ಗಿ ನೋಡಿದರು. ತುಂಬಾ ಹೊತ್ತು ನೋಡಿದರು.

"ಹಂಗಾದ್ರೆ ನಾನಲ್ಲ," ಎಂದರು.

"ನೀವಲ್ಲಪ್ಪಾ," ಎಂದೆ.

ದೀಪದ ವೈರು ಕಿತ್ತರೆ ಮುಗಿಯಿತಲ್ಲ ಎಂದೆ. ಟಾರ್ಚ್ ಹಿಡಿದು ಬಂದ ಅಮ್ಮ ದುರುಗುಟ್ಟಿ ನೋಡಿದಳು. ಅಪ್ಪನಿಗೂ ಅದು ಸರಿಬರಲಿಲ್ಲ, ಆದರೆ ಕಾರಣ ಬೇರೆ. "ದಿನಾ ಕೀಳೋದು, ದಿನಾ ಚುಚ್ಚೋದು ಅಂದ್ರೆ ಅದೂ ಒಂದು ನೆನಪಿಟ್ಕೊಳ್ಳೋ ಕೆಲಸ ಆಯ್ತಲ್ಲ ಅಮ್ಮಣಿ. ಮಿಲ್‌ನಲ್ಲಿ ನೂಲು ಕಡಿದ್ರೆ ಮಷಿನ್ ತಾನೇ ನಿಲ್ಲೋ ಹಂಗೆ ಮಾಡಿರ್ತೀವಿ. ಯಾರಾದ್ರೂ ನೋಡ್ತಾರೆ ಅಂತ ಬಿಡಲ್ಲ."

ಆ ರಾತ್ರಿ ಬ್ಯಾಟರಿಯ ತಂತಿ ಬಿಡಿಸಿಟ್ಟು, ಭಾನುವಾರ ಅಂಗಳದಲ್ಲೇ ಕೆಲಸ ಹೂಡಿದರು. ಮೊದಲು ಮಂಡಿಯೂರಿ ಕೂತು ಸಾಕೆಟ್ಟಿನ ಹಿಂದಿನ ವೈರುಗಳನ್ನು ಹೊರಗೆಳೆದರು. ಮತ್ತೆ ಬ್ಯಾಟರಿ ಜೋಡಿಸಿ, ಟೆಸ್ಟ್ ಬಲ್ಬು ಹಿಡಿದು, ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ಫ್ಯೂಸ್ ಯಾವುದೆಂದು ಹುಡುಕಿದರು. ಅದಕ್ಕಾಗಿ ಅಮ್ಮ ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ನನ್ನ ಕೈಗೆ ಕೊಟ್ಟಳು, ಅವರ ಕೈಗಲ್ಲ. ಹಾಕು, ತೆಗಿ, ಹಾಕು ಎಂದು ಅಪ್ಪ ಗದರುತ್ತಿದ್ದರು. ನನ್ನನ್ನು ಅವರು ಗದರಿ ಎಷ್ಟು ಕಾಲವಾಗಿತ್ತು! ವೈಪರಿನ ಫ್ಯೂಸ್ ಸಿಕ್ಕಿತು. ಮತ್ತೆ ಬ್ಯಾಟರಿ ಬಿಡಿಸಿ, ಅಲ್ಲಿಂದ ಒಂದು ತೆಳು ವೈರು ಎಳೆದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ರಿಲೇಗೆ ಕೊಟ್ಟರು.

"ಇವನು ಬಾಗಿಲು ಕಾಯೋನು. ಕೀಲಿ ಹೇಳಿದ್ರೆ ಸಾಕೆಟ್ಟಿಗೆ ಕರೆಂಟ್ ಬಿಡ್ತಾನೆ, ಇಲ್ಲಾಂದ್ರೆ ಇಲ್ಲ."

ಅಮ್ಮನ ಅನುಮಾನ ಬೇರೆ. "ಅಂದ್ರೆ ದೀಪ ಆರಿಹೋಗತ್ತಲ್ಲ."

"ದೇವಸ್ಥಾನದಲ್ಲೂ ಮಧ್ಯಾಹ್ನ ಬಾಗಿಲು ಹಾಕ್ತಾರೆ. ಪಿಳ್ಳೆಯಾರೂ ಸ್ವಲ್ಪ ಮಲಗಲಿ ಬಿಡು."

ಎಲ್ಲ ಜೋಡಿಸಿದ ಮೇಲೆ ಕೀಲಿ ತಿರುಗಿಸಿದೆ, ಪಿಳ್ಳೆಯಾರ್ ಕೆಂಪಗೆ ಬೆಳಗಿದರು. ಕೀಲಿ ತೆಗೆದೆ, ಕತ್ತಲಾದರು. ಅಮ್ಮ ಕೆನ್ನೆ ಮುಟ್ಟಿಕೊಂಡು ಕೈ ಮುಗಿದಳು. ಆಮೇಲೆ ನನ್ನ ಕೈಯಿಂದ ಕೀಲಿ ಕಸಿದುಕೊಂಡು ಅಪ್ಪನ ಅಂಗಿಯ ಜೇಬಿಗೆ ತಾನೇ ಹಾಕಿದಳು.

ಗುರುವಾರ ಕಾರು ಒಂದೇ ಸಲಕ್ಕೆ ಎದ್ದಿತು. ಅಪ್ಪ ಉಡುಮಲೈಯಿಂದ ಬಂದಾಗ ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಅವರು ಇಳಿದರು, ಬಾಗಿಲು ತಳ್ಳಿದರು, ಹೊದಿಕೆ ಎಳೆದರು. ಆ ಮೂರು ಮಾತಿಗಾಗಿ ನಾನು ಕಿವಿಗೊಟ್ಟು ಕಾದೆ. ಬರಲಿಲ್ಲ.

"ಅಮ್ಮಣಿ, ಕಾಫಿ ಇದೆಯಾ?" ಎಂದು ಚಪ್ಪಲಿ ಬಿಟ್ಟರು.

ಒಳಗಿನಿಂದ ಅಮ್ಮ ಕೇಳಿದಳು, "ಏನ್ರೀ, ಪಿಳ್ಳೆಯಾರ್ ಮಲಗಿದ್ರಾ?"

"ನಾನು ನೋಡ್ಲಿಲ್ಲ," ಎಂದರು ಅಪ್ಪ. "ನೋಡ್ಬೇಕಾಗಿಲ್ಲ."