ಪ್ರಸ್ಥಾನಕ್ಕಿಟ್ಟ ಸಿಲಿಂಡರ್

ಅಕ್ಕನ ಗಂಡನನ್ನು ನಮ್ಮ ಕಡೆ ಮಾವ ಎನ್ನುತ್ತೇವೆ. ನನ್ನ ಮಾವ ತಿಳವಳ್ಳಿಯವರು, ಲಾರಿ ಓಡಿಸಿ ಬದುಕಿದವರು. ಗೋವಿನಜೋಳ ಹೇರಿಕೊಂಡು ಘಾಟಿ ಇಳಿಯುವುದು, ಕರಾವಳಿಯಲ್ಲಿ ಸಿಕ್ಕ ಸರಕು ತುಂಬಿಕೊಂಡು ಮತ್ತೆ ಏರುವುದು, ಇದು ಅವರ ಕೆಲಸ. ಬೀಡಿಯೂ ಜೋಳದ ಧೂಳೂ ಸೇರಿ ಶ್ವಾಸಕೋಶ ಹಾಳಾಗಿತ್ತು. ಕೊನೆಯ ವರ್ಷವೆಲ್ಲ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು, ಆಮ್ಲಜನಕ ಕೊಡುವ ಮಷಿನ್ನಿನ ಪಕ್ಕದಲ್ಲೇ ಕೂತಿರುತ್ತಿದ್ದರು. ಮಷಿನ್ನು ನಡೆಯುವುದು ಕರೆಂಟಿನಿಂದ. ಕರೆಂಟ್ ಹೋದರೆ ಸ್ವಲ್ಪ ಹೊತ್ತು ಇನ್ವರ್ಟರ್. ಅದೂ ನಿಂತರೆ ಮನೆಯಲ್ಲಿ ಇದ್ದದ್ದು ಒಂದೇ ಸಿಲಿಂಡರ್.

ಮಾವನಿಗೆ ಬೆಟ್ಟದ ಮೇಲೆ ಒಂದು ರಾತ್ರಿ ಮಲಗಿ ಬೆಳಿಗ್ಗೆ ಏಳಬೇಕಿತ್ತು.

"ಅಷ್ಟು ವರ್ಷ ಘಾಟ್ ಏರೀನಿ, ಇಳದೀನಿ. ಒಮ್ಮೆರೆ ಗುಡ್ಡ ನೋಡಿಲ್ಲೋ ತಮ್ಮಾ," ಎಂದಿದ್ದರು. "ನೋಡಿದ್ದು ಬರೇ ಮುಂದಿನ ತಿರುವು."

ನಾನು ಶಿಗ್ಗಾವಿಯಲ್ಲಿದ್ದು ಪತ್ರಿಕೆಗೆ ಜಿಲ್ಲೆಯ ಸುದ್ದಿ ಬರೆಯುವವನು. ವಿಚಾರಿಸುವ ಕೆಲಸ ನನ್ನ ಪಾಲಿಗೆ ಬಂತು. ಲಾಡ್ಜುಗಳಲ್ಲಿ ಮೆಟ್ಟಿಲು ಹತ್ತಬೇಕು, ಮಾವನಿಗೆ ಆಗದು. ಹುಬ್ಬಳ್ಳಿಯಲ್ಲಿ ಒಬ್ಬರ ಹತ್ತಿರ ಮನೆಯಂತೆ ಮಾಡಿಸಿದ ವ್ಯಾನ್ ಇರುವುದು ತಿಳಿಯಿತು. ಒಳಗೆ ಹಾಸಿಗೆ, ಗ್ಯಾಸ್ ಒಲೆ, ಮೂಲೆಯಲ್ಲಿ ಶೌಚಾಲಯ. ಫೋಟೋ ತೋರಿಸಿದಾಗ ಅಕ್ಕ ಬಹಳ ಹೊತ್ತು ನೋಡಿದಳು.

"ಒಲೀ ಬಾಜೂಕ ಸಂಡಾಸೇನೋ?"

"ನಡುವ ಬಾಗಲಾ ಐತಕ್ಕಾ."

"ಬಾಗಲಾ ಇದ್ರ? ರೊಟ್ಟಿ ಬಡಿಯಾಕಿ ನಾನು, ನೀ ಅಲ್ಲ."

ಮಾವ ನಕ್ಕರು. ನಕ್ಕರೆ ಕೆಮ್ಮು ಬರುತ್ತಿತ್ತು. ಕೆಮ್ಮು ಇಳಿದ ಮೇಲೆ, "ಲಾರ್ಯಾಗ ಮಲಗಿ ಮಲಗಿ ಬೆನ್ನು ಡೊಂಕ ಆತು. ಈಗ ಮಂದಿ ಬಾಡಿಗಿ ಕೊಟ್ಟು ಗಾಡ್ಯಾಗ ಮಲಗ್ತಾರಂತ," ಎಂದರು. ಆದರೆ ಫೋಟೋ ವಾಪಸ್ ಕೊಡಲಿಲ್ಲ. ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ಕಿಟಕಿ ಎಷ್ಟು ಅಗಲವಿದೆ ಎಂದು ನೋಡುತ್ತಿದ್ದರು.

ಮಷಿನ್ನು ರಾತ್ರಿಯಿಡೀ ನಡೆಯುತ್ತದೆಯೇ ಎಂದು ಕೇಳಿದ್ದಕ್ಕೆ ವ್ಯಾನಿನ ಮಾಲೀಕ "ಎಲ್ಲಾ ನಡೀತೈತ್ರಿ ಸರ್" ಎಂದ. ಇಂಥ ಉತ್ತರವನ್ನು ನಾನು ನಂಬುವುದಿಲ್ಲ. ಅಂಥದ್ದೇ ಒಂದು ಮಷಿನ್ನನ್ನು ಬಾಡಿಗೆಗೆ ತೆಗೆದುಕೊಂಡು ಹುಬ್ಬಳ್ಳಿಗೆ ಹೋಗಿ ಅವನ ಬ್ಯಾಟರಿಗೆ ಜೋಡಿಸಿ ಕೂತೆ. ಬೆಳಗಿನ ತನಕ ಬಾಳುವ ಬ್ಯಾಟರಿ ಅದಾಗಿರಲಿಲ್ಲ. ಆದ್ದರಿಂದ ರಾತ್ರಿ ವ್ಯಾನ್ ನಿಲ್ಲುವಲ್ಲಿ ಪ್ಲಗ್ ಬೇಕಾಯಿತು. ಬೆಟ್ಟದ ರಸ್ತೆ ಬದಿ ರಾತ್ರಿ ನಿಲ್ಲಿಸಲು ಬಿಡುವುದಿಲ್ಲ ಎಂದು ಇನ್ನೊಂದು ಕಡೆಯಿಂದ ತಿಳಿಯಿತು. ಹತ್ತಾರು ಕಡೆ ಫೋನ್ ಮಾಡಿದ ಮೇಲೆ ಚಿಕ್ಕಮಗಳೂರು ದಾಟಿ, ಬೆಟ್ಟದ ಅರ್ಧದಲ್ಲಿರುವ ಒಂದು ಕಾಫಿ ತೋಟದವರು ತಮ್ಮ ಅಂಗಳ ಕೊಡಲು ಒಪ್ಪಿದರು. ಅಲ್ಲಿ ಪ್ಲಗ್ ಇತ್ತು. ಪೂರ್ವಕ್ಕೆ ಕಣಿವೆ ಇತ್ತು.

ಹಾನಗಲ್ಲಿನ ಡಾಕ್ಟರು ಒಂದು ರಾತ್ರಿಗೆ ಒಪ್ಪಿಗೆ ಕೊಟ್ಟರು. ತೀರಾ ಮೇಲಕ್ಕೆ ಹೋಗಬೇಡಿ, ಸಿಲಿಂಡರ್ ಬಿಟ್ಟು ಹೊರಡಲೇಬೇಡಿ ಎಂದರು. ನಂತರ ನನ್ನನ್ನು ಹೊರಗೆ ಕರೆದು, ಮುಂದಿನ ವರ್ಷಕ್ಕೆ ಅಂತ ಏನನ್ನೂ ಇಟ್ಟುಕೊಳ್ಳಬೇಡಿ ಎಂದರು. ಇದನ್ನು ಅಕ್ಕನಿಗೆ ಹೇಳಿದೆ. ಮಾವನಿಗೆ ಯಾರೂ ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ಶನಿವಾರ, ಭಾನುವಾರ ವ್ಯಾನ್ ಖಾಲಿ ಇರುತ್ತಿರಲಿಲ್ಲ. ದಸರೆ ಮುಗಿದ ಮೇಲೆ ಒಂದು ಗುರುವಾರ ಸಿಕ್ಕಿತು. ಗುರುವಾರ ದಕ್ಷಿಣ ದಿಕ್ಕಿಗೆ ಪ್ರಯಾಣ ಸಲ್ಲದು ಎಂದು ಊರಿನ ಅಯ್ಯನವರು ಪಂಚಾಂಗ ನೋಡಿ ಹೇಳಿದರು. ತಿಳವಳ್ಳಿಯಿಂದ ಚಿಕ್ಕಮಗಳೂರು ದಕ್ಷಿಣಕ್ಕೇ ಇದೆ. ಇದಕ್ಕೆ ಹಳೆಯ ಪರಿಹಾರವೊಂದಿದೆ, ಪ್ರಸ್ಥಾನ ಇಡುವುದು. ಒಳ್ಳೆಯ ದಿನ ನೋಡಿ, ಪ್ರಯಾಣ ಮಾಡುವವನ ಒಂದು ವಸ್ತುವನ್ನು ಹೋಗುವ ದಾರಿಯಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟು ಬಂದರೆ ಪ್ರಯಾಣ ಆ ದಿನವೇ ಶುರುವಾದಂತೆ ಲೆಕ್ಕ. ಹೊರಗಿಟ್ಟದ್ದನ್ನು ತಿರುಗಿ ಮನೆಗೆ ತರುವಂತಿಲ್ಲ. ಹೋಗುವಾಗ ಎತ್ತಿಕೊಂಡೇ ಹೋಗಬೇಕು. ಅಕ್ಕ ಫೋನಿನಲ್ಲಿ "ಸೋಮವಾರ ಪ್ರಸ್ಥಾನ ಇಡ್ತೇವಿ" ಎಂದಾಗ ನನಗೆ ಸಮಾಧಾನವಾಯಿತು. ಸಾಮಾನ್ಯವಾಗಿ ಒಂದು ಟವೆಲ್ಲೋ ಅಂಗಿಯೋ ಇಡುತ್ತಾರೆ.

ಬುಧವಾರ ಮಧ್ಯಾಹ್ನ ಕಾರಿನಲ್ಲಿ ಬಂಕಾಪುರ, ಹಾನಗಲ್ಲ ದಾಟಿ ತಿಳವಳ್ಳಿ ಮುಟ್ಟಿದೆ. ಬೆಳಿಗ್ಗೆ ಗಾಳಿ ಮಳೆ ಬಂದು ಊರಿಗೆಲ್ಲ ಕರೆಂಟ್ ಇರಲಿಲ್ಲ. ಅಕ್ಕ ಬುತ್ತಿಗೆಂದು ಖಡಕ್ ರೊಟ್ಟಿ ಬೇಯಿಸುತ್ತಿದ್ದಳು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. ನಾಳೆಯದನ್ನು ಇವತ್ತೇ ಹಾಕಿದ್ದೀರಲ್ಲ ಎಂದೆ.

"ನಾಳೆ ಹೊಸದ ಹಾಕ್ತೇನಿ. ಇವತ್ತ ಇದು ರೂಢಿ ಆಗ್ಲಿ," ಎಂದರು.

ಆಗ ಬ್ಯಾಟರಿ ಮುಗಿಯುತ್ತ ಬಂದು ಇನ್ವರ್ಟರ್ ಕೂಗತೊಡಗಿತು. ಲೈನ್‌ಮನ್‌ಗೆ ಫೋನ್ ಮಾಡಿದೆ. ಕಂಬ ಮುರಿದಿದೆ, ಸಂಜೆಯಾದೀತು ಎಂದ. ಹಾಗಾದರೆ ಸಿಲಿಂಡರ್ ಜೋಡಿಸೋಣ ಎಂದು ಎದ್ದೆ. ಅಕ್ಕ ಹಿಟ್ಟಿನ ಕೈ ಒರೆಸಿಕೊಂಡು ನನ್ನನ್ನು ನೋಡದೆ ಮಾವನನ್ನು ನೋಡಿದಳು.

"ಸಿಲಿಂಡರ್ ಇಲ್ಲೋ ತಮ್ಮಾ."

"ಎಲ್ಲೈತಿ?"

"ಪ್ರಸ್ಥಾನಕ್ಕ ಇಟ್ಟೇವಿ."

ಅವರು ಬಿಟ್ಟಿರಲಾರದ ವಸ್ತುವನ್ನೇ ಇಟ್ಟರೆ ಒಳ್ಳೆಯದು ಎಂದು ಅಯ್ಯನವರು ಹೇಳಿದ್ದರಂತೆ. ಸಿಲಿಂಡರ್ ಹೇಗೂ ತುಂಬಿಸಲು ಹಿರೇಕೆರೂರಿಗೆ ಹೋಗಿತ್ತು. ಬರುವಾಗ ಅದನ್ನು ಆ ದಾರಿಯ ಹಳ್ಳಿಯಲ್ಲಿರುವ ಮಾವನ ತಂಗಿಯ ಮನೆಯಲ್ಲಿ ಇಳಿಸಿದ್ದರು. ಇನ್ವರ್ಟರ್ ಇದೆಯಲ್ಲ ಎಂದುಕೊಂಡಿದ್ದರು.

ನಾನು ಆಕೆಗೆ ಫೋನ್ ಮಾಡಿ, ಯಾವುದಾದರೂ ಗಾಡಿಯಲ್ಲಿ ಸಿಲಿಂಡರ್ ಹೇರಿಕೊಂಡು ಎದುರಿಗೆ ಬರಲು ಹೇಳಿದೆ.

"ಹೊರಗಿಟ್ಟದ್ದು ಹಿಂದಕ್ಕ ಬರಬಾರದ್ರೀ. ಅಣ್ಣಗ ಕೆಡಕ ಆಕ್ಕೈತಿ."

"ಅವರಿಗೆ ಉಸರ ಸಿಗವಲ್ದವಾ."

"ಅದಕ್ಕ ಹೇಳಾಕತ್ತೇನಿ. ನೀವ ಕರಕೊಂಡು ಬರ್ರಿ. ನಾ ಬಾಗಲದಾಗ ತಂದಿಡ್ತೇನಿ."

ಹಾನಗಲ್ಲಿಗೆ ಹೋಗೋಣ, ಅಲ್ಲಿ ಗೊತ್ತಿರುವ ಡಾಕ್ಟರಿದ್ದಾರೆ ಎಂದೆ. ಅಕ್ಕ ಬೇಡವೆಂದಳು. ಹಾನಗಲ್ಲ ಮುಟ್ಟುವ ತನಕ ದಾರಿಯಲ್ಲಿ ಏನೂ ಇಲ್ಲ, ಹಿರೇಕೆರೂರಿನ ಕಡೆ ಸಿಲಿಂಡರಾದರೂ ಇದೆ. ಅವಳ ಮಾತು ಸರಿಯಿತ್ತು. ಮಾವ ಮಾತಾಡಲಾಗದೆ ದಕ್ಷಿಣಕ್ಕೆ ಕೈ ತೋರಿಸಿದರು. ಇನ್ವರ್ಟರ್ ನಿಂತಿತು. ಅವರನ್ನು ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದೆವು.

ದಾರಿಯಲ್ಲಿ ಜಾಲಿ ಮರ ಬಿದ್ದಿತ್ತು. ಇಬ್ಬರು ಕೊಡಲಿಯಿಂದ ಟೊಂಗೆ ಕಡಿಯುತ್ತಿದ್ದರು. ಒಳಗೆ ಪೇಶಂಟ್ ಇದ್ದಾರೆ ಎಂದು ಹೇಳಿದ ಮೇಲೆ ಬೇಗ ಬೇಗ ಕಡಿದರು, ಆದರೂ ಕಾಯಬೇಕಾಯಿತು. ಕನ್ನಡಿಯಲ್ಲಿ ಮಾವನ ತುಟಿ ಕಾಣುತ್ತಿತ್ತು. ಬಣ್ಣ ಕೆಟ್ಟಿತ್ತು. ಅಕ್ಕ ಅವರ ಅಂಗಿಯ ಗುಂಡಿ ಬಿಚ್ಚಿ ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

ಮಾವನ ತಂಗಿ ಹೇಳಿದಂತೆ ಹೊಸ್ತಿಲ ಒಳಗೆ ಸಿಲಿಂಡರ್ ಹಿಡಿದು ನಿಂತಿದ್ದಳು. ಅದಕ್ಕೆ ಕುಂಕುಮ ಹಚ್ಚಿದ್ದರು. ಅಡಿಕೆ, ಅರಿಷಿಣದ ಕೊಂಬು ಕಟ್ಟಿದ ಬಟ್ಟೆಯನ್ನು ವಾಲ್ವಿನ ಸುತ್ತ ಬಿಗಿದು ಗಂಟು ಹಾಕಿದ್ದರು. ಗಂಟು ಬಿಚ್ಚಲಿಲ್ಲ. ಆಕೆ ಹಲ್ಲಿನಿಂದ ಎಳೆದಳು, ಆಗಲಿಲ್ಲ. ಒಳಗಿನಿಂದ ಕುಡಗೋಲು ತಂದು ಕೊಯ್ದಳು. ನಳಿಗೆ ಜೋಡಿಸಿ ವಾಲ್ವು ತಿರುಗಿಸಿದ ಮೇಲೆ ಮಾವನ ಎದೆ ಏರಿಳಿಯುವುದು ತುಸು ನಿಧಾನವಾಯಿತು. ಕಣ್ಣು ಮಾತ್ರ ಪೂರ್ತಿ ತೆರೆಯಲಿಲ್ಲ.

ಹಿರೇಕೆರೂರಿನ ಆಸ್ಪತ್ರೆಯಲ್ಲಿ ಪರೀಕ್ಷಿಸಿ, ಇಲ್ಲಿ ಆಗುವುದಿಲ್ಲ, ಶಿವಮೊಗ್ಗಕ್ಕೆ ಒಯ್ಯಿರಿ ಎಂದರು. ಆಂಬುಲೆನ್ಸಿನಲ್ಲಿ ನಾನೂ ಅಕ್ಕನೂ ಕೂತೆವು. ಅರ್ಧ ದಾರಿಯಲ್ಲಿ ಮಾವ ಮುಖದ ಮೇಲಿನ ಮಾಸ್ಕ್ ಸರಿಸಿದರು.

"ಘಾಟ್ ಬಂತೇನು?"

"ಬಂತ್ರಿ," ಎಂದಳು ಅಕ್ಕ. "ಏರಾಕತ್ತೇವಿ."

ಕಿಟಕಿಯಾಚೆ ಎರಡೂ ಬದಿಗೆ ಭತ್ತದ ಗದ್ದೆಗಳಿದ್ದವು. ರಸ್ತೆ ಸಪಾಟಾಗಿತ್ತು. ಮಾವ ಸ್ವಲ್ಪ ಹೊತ್ತು ಕಿವಿಗೊಟ್ಟು ಮಲಗಿದ್ದರು.

"ಇಲ್ಲ," ಎಂದರು. "ಇಂಜಿನ್ ಹಗರ ಐತಿ."

ಅಕ್ಕ ಮಾಸ್ಕನ್ನು ಮತ್ತೆ ಸರಿಯಾಗಿ ಕೂರಿಸಿದಳು.

ಇದು ಮಾವನ ಕೊನೆಯ ಮಾತಲ್ಲ. ಕೊನೆಯ ಮಾತು ಶಿವಮೊಗ್ಗದ ಆಸ್ಪತ್ರೆಯಲ್ಲಿ ಆಡಿದ್ದು, ನೀರು ಬೇಕು ಎಂದು. ಅಂದೇ ಸಂಜೆ ತೀರಿಕೊಂಡರು. ಸಿಲಿಂಡರ್ ಮನೆಯಲ್ಲೇ ಇದ್ದಿದ್ದರೆ ಉಳಿಯುತ್ತಿದ್ದರೇ ಎಂದು ಅಲ್ಲಿಯ ಡಾಕ್ಟರನ್ನು ಕೇಳಿದೆ. ಹೇಳಲು ಬರುವುದಿಲ್ಲ ಎಂದರು. ಬೇರೆ ರೀತಿಯಲ್ಲಿ ಮತ್ತೊಮ್ಮೆ ಕೇಳಿದೆ. ಅದೇ ಉತ್ತರ ಬಂತು. ಅಕ್ಕ ಪಕ್ಕದಲ್ಲೇ ನಿಂತಿದ್ದಳು. ಅವಳು ಕೇಳಿಸಿಕೊಂಡಳೋ ಇಲ್ಲವೋ ನನಗೆ ಗೊತ್ತಿಲ್ಲ.

ಗುರುವಾರ ಬೆಳಿಗ್ಗೆ ಊರಿನಲ್ಲಿ ಮಾವನನ್ನು ಮಣ್ಣು ಮಾಡಲು ಅಣಿ ಮಾಡುತ್ತಿದ್ದಾಗ ವ್ಯಾನಿನ ಮಾಲೀಕ ಫೋನ್ ಮಾಡಿದ. ಹಾನಗಲ್ಲ ದಾಟಿದ್ದೇನೆ, ತಿಳವಳ್ಳಿಯಲ್ಲಿ ಯಾವ ಓಣಿ ಎಂದು ಕೇಳಿದ. ಅವನಿಗೆ ತಿಳಿಸುವುದು ನನ್ನಿಂದ ಆಗಿರಲಿಲ್ಲ. ಬರುವುದು ಬೇಡ ಎಂದೆ. ಯಾವ ತಾರೀಖಿಗೆ ಮುಂದೆ ಹಾಕಲಿ ಎಂದು ಕೇಳಿದ. ಮುಂದೆ ಹಾಕುವುದಿಲ್ಲ ಎಂದು ಹೇಳಿ, ಕಾಫಿ ತೋಟದವರಿಗೂ ಫೋನ್ ಮಾಡಿದೆ.