ನೀರು ಹಾಕದ ಅಂಗಳ

ಇವತ್ತು ಬೆಳಗ್ಗೆ ಅಮ್ಮ ಬಕೆಟ್ ಹಿಡಿದು ಬಾಗಿಲಿಗೆ ಬಂದರೆ ಅಪ್ಪ ಅಡ್ಡ ನಿಂತಿದ್ದರು, ಗೆಳೆಯರೇ. ಅಂಗಳದ ಇಂಟರ್‌ಲಾಕ್ ಟೈಲ್ಸ್‌ನ ಪಾಚಿ ಉಜ್ಜಿಸಿ, ಸಂದುಗಳಿಗೆ ಮರಳು ತುಂಬಿಸಿ, ನಿನ್ನೆ ಸಂಜೆ ಮೇಲೆ ಸೀಲರ್ ಲೇಪ ಹೊಡೆಸಿದ್ದಾರೆ. ನಾಳೆಯವರೆಗೂ ನೀರು ಸೋಕಬಾರದಂತೆ.

“ನೀರು, ರಂಗೋಲಿ ಇಲ್ದಿದ್ರೆ ಜನ ಏನಂದ್ಕೊತಾರ್ರೀ?” ಅಂದರು ಅಮ್ಮ.

“ಒಂದಿನಕ್ಕೆ ಏನೂ ಆಗಲ್ಲ ಕಣೇ. ಈಗ ನೀರು ಬಿದ್ರೆ ಬೆಳ್ಳಗೆ ಕಲೆ ಕೂರ್ತದೆ,” ಅಂದರು ಅಪ್ಪ.

ಅಮ್ಮನ ಆತಂಕಕ್ಕೆ ಕಾರಣವಿತ್ತು. ಜಾವಗಲ್‌ನ ನಮ್ಮ ಬೀದಿಯಲ್ಲಿ ಸಾವಾದ ಮನೆಯ ಮುಂದೆ ಮಾತ್ರ ರಂಗೋಲಿ ಇರುವುದಿಲ್ಲ. ಅಜ್ಜಿ ಬೇರೆ ವಾರದಿಂದ ಜ್ವರವೆಂದು ಮಲಗಿದ್ದರು.

ಸ್ವಲ್ಪ ಹೊತ್ತಿಗೆ ಎದುರುಮನೆಯ ರತ್ನಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಫ್ಲಾಸ್ಕ್ ತುಂಬ ಕಾಫಿ ತಂದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ.

“ಯಾವಾಗ ಹೋದ್ರಮ್ಮಾ? ನಮ್ಮನ್ನ ಒಂದ್ಸಲ ಕೂಗಬಾರದಿತ್ತಾ?”

ಅಮ್ಮ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅಜ್ಜಿಯೇ ಉತ್ತರ ಕೊಟ್ಟರು. “ಯಾರು, ರತ್ನನಾ? ಇನ್ನೂ ಇವ್ನಿ ಕಣವ್ವ. ಕಾಫಿಗೆ ಸಕ್ಕರೆ ಹಾಕಿದೀಯಾ?”

ರತ್ನಕ್ಕ ಓಡಿಹೋಗಿ ಅಜ್ಜಿಯ ಕೈ ಹಿಡಿದು ಇನ್ನೂ ಜೋರಾಗಿ ಅತ್ತರು. ಅಜ್ಜಿ ಸಮಾಧಾನವಾಗಿ ಕಾಫಿ ಕುಡಿದು ಅಪ್ಪನನ್ನು ಕರೆದರು. “ನನ್ ಕುರ್ಚಿ ಜಗಲಿಗೆ ಹಾಕ್ಲಾ. ಇನ್ಯಾರಾದ್ರೂ ಹಾರ ಗೀರ ತಂದ್ಬಿಟ್ಟಾರು.”

ಅಪ್ಪ ತಲೆ ಬಗ್ಗಿಸಿಕೊಂಡು ಕುರ್ಚಿ ಹೊತ್ತರು. ಅಜ್ಜಿ ಶಾಲು ಹೊದ್ದು ಮಧ್ಯಾಹ್ನದವರೆಗೂ ಅಲ್ಲೇ ಕೂತು, ದಾರಿಯಲ್ಲಿ ಹೋಗುವವರನ್ನೆಲ್ಲ ಹೆಸರು ಹಿಡಿದು ಮಾತಾಡಿಸಿದರು.

ಬೀದಿಯ ಎಲ್ಲ ಮನೆಗಳ ಮುಂದೆಯೂ ರಂಗೋಲಿ ಇತ್ತು. ನಮ್ಮ ಮನೆಯ ಮುಂದೆ ಅಜ್ಜಿ ಇದ್ದರು.