ಅಕ್ಕೋರ ಮನೆಯ ಮುಂದಿನ ಹಾದಿ

ಕಳೆದ ವಾರ ಹಳೆಯ ಟ್ರಂಕಿನ ತಳದಲ್ಲಿ ಮಗಳ ಶಾಲೆಯ ಪಾಟೀಚೀಲ ಸಿಕ್ಕಿತು. ಬಾಯಿ ಬಿಚ್ಚಿದರೆ ಬಳಪದ ಪುಡಿಯ ವಾಸನೆ ಇನ್ನೂ ಹಾಗೇ ಇತ್ತು. ಆ ವಾಸನೆಯ ಹಿಂದೆಯೇ ಅಕ್ಕೋರು ನೆನಪಿಗೆ ಬಂದರು. ರಬಕವಿ ಕಡೆ ಶಾಲೆ ಕಲಿಸುವ ಹೆಂಗಸರನ್ನು ನಾವು ಕರೆಯುವುದೇ ಹಾಗೆ.

ಮಗಳಿಗೆ ಆಗ ಆರು ವರ್ಷ. ಮಾತು ಬಂದಿರಲಿಲ್ಲ. ಮನೆಯ ಮಗ್ಗಗಳ ಸದ್ದು ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ, ಶಾಲೆಯ ಗಂಟೆಗೆ ಮಾತ್ರ ಕಿವಿ ಮುಚ್ಚಿಕೊಂಡು ಚೀರುತ್ತಿದ್ದಳು. ಆಟಿಸಂ ಎಂದು ಡಾಕ್ಟರು ಬರೆದ ಕಾಗದವನ್ನು ಅಕ್ಕೋರಿಗೆ ತೋರಿಸಿದ್ದೆ. ಆದರೂ ಎರಡು ತಿಂಗಳು ತುಂಬುವ ಮೊದಲೇ ಚೀಲವನ್ನು ನನ್ನ ಕೈಗಿಟ್ಟು, ಉಳಿದ ತಾಯಂದಿರ ಎದುರಿಗೇ ಅಂದರು:

"ಈಕೀನ ಮನ್ಯಾಗ ಇಟ್ಕೋರಿ. ಈಕಿ ಸಂಗಟ ಉಳದ ಹುಡುಗೂರೂ ಕೆಡ್ತಾವು."

ಕೆಡ್ತಾವು... ಗಂಡ ಮಗ್ಗದ ಮುಂದೆ ಕೂತು ಅತ್ತರು. ನನಗೆ ಅಳು ಬರಲಿಲ್ಲ, ಹಟ ಬಂತು.

ಮರುದಿನದಿಂದ ಸಂಜೆ ಐದಕ್ಕೆ ಮಗಳನ್ನು ಅವರ ಮನೆಯ ಮುಂದೆ ನಡೆಸಿಕೊಂಡು ಹೋಗತೊಡಗಿದೆ. ಆ ಹೊತ್ತಿಗೆ ಅಕ್ಕೋರು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ದಿನಾ ನೋಡಲಿ, ನೋಡಿ ನೋಡಿ ಅವರಿಗೆ ಉಂಡ ಅನ್ನ ಮೈಗೆ ಹತ್ತದಿರಲಿ ಎಂಬುದೇ ನನ್ನ ಆಸೆ. ಮೊದಲ ವರ್ಷ ಟಂಟಂ ಆಟೋ ಹಾರ್ನ್ ಹೊಡೆದರೆ ಮಗಳು ಧೂಳಿನಲ್ಲೇ ಕೂತುಬಿಡುತ್ತಿದ್ದಳು, ನನ್ನ ಮುಂಗೈ ಕಚ್ಚುತ್ತಿದ್ದಳು. ಬೇರೆ ಓಣಿಯಾಗಿದ್ದರೆ ಎತ್ತಿಕೊಂಡು ಮನೆಗೆ ಓಡುತ್ತಿದ್ದೆನೇನೋ. ಅಕ್ಕೋರು ನೋಡುತ್ತಿದ್ದಾರೆಂದೇ ನಿಂತೆ.

"ಬ್ಯಾರೆ ಹಾದಿ ಇಲ್ಲೇನ ನಿನಗ?" ಎಂದರು ಗಂಡ.

"ಇಲ್ಲರೀ" ಎಂದೆ.

ಮೂರನೆಯ ವರ್ಷ ಮಗಳು ಕೈ ಬಿಟ್ಟು ನಡೆದಳು. ಐದನೆಯ ವರ್ಷ ಆ ಓಣಿಯ ಅಂಗಡಿಯಲ್ಲಿ ತಾನೇ "ಬಿಸ್ಕೀಟ ಕೊಡ್ರಿ" ಎಂದಳು. ಅದನ್ನು ಕೇಳಿಸಿಕೊಂಡ ಅಕ್ಕೋರು ಕಟ್ಟೆಯಿಂದ ಎದ್ದು ಬಂದರು.

"ಬರ್ರಿ ಯವ್ವಾ, ಒಂದೀಟ ಚಾ ಕುಡದ ಹೋಗೀರಂತ."

"ಬ್ಯಾಡ್ರಿ. ಈಕಿ ಬಂದ್ರ ನಿಮ್ಮ ಮನಿ ಕೆಟ್ಟೀತು."

ಅವರ ಮುಖ ಬಿಳಿಚಿತು. ಆ ದಿನ ನಾನು ಹೊಟ್ಟೆ ತುಂಬ ಉಂಡೆ.

ಆಮೇಲೂ ಅವರು ಕಟ್ಟೆಯ ಮೇಲೆ ಕೂಡುವುದನ್ನು ಬಿಡಲಿಲ್ಲ, ನಾನು ಆ ಹಾದಿಯನ್ನು ಬಿಡಲಿಲ್ಲ. ಮತ್ತೆ ಮಾತಾಡಲೂ ಇಲ್ಲ. ಈ ವರ್ಷ ಲಕ್ವಾ ಹೊಡೆದು ಮಲಗಿದರು, ಹೋದ ತಿಂಗಳು ತೀರಿಕೊಂಡರು. ಅವರ ಜೊತೆಗಿದ್ದ ತಂಗಿ ಒಂದು ಸಂಜೆ ನನ್ನನ್ನು ನಿಲ್ಲಿಸಿ ಹೇಳಿದಳು:

"ನೀವು ಬರೂ ಹೊತ್ತಿಗೆ ಅಕ್ಕ ಟಿವಿ ಬಂದ್ ಮಾಡಸ್ತಿದ್ಲರಿ. ಹುಡಗಿ ಅಂಜತೈತಿ ಅಂತಿದ್ಲು. ಆವತ್ತ ನಿಮ್ಮನ್ನ ಚಾಕ್ಕ ಕರದದ್ದೂ, ನನ್ನಿಂದ ತಪ್ಪಾತು ಅಂತ ನಿಮಗ ಹೇಳಾಕರಿ."

ಯಾಕೆ ಹೇಳಿದಳೋ... ನನ್ನ ಸೇಡನ್ನೂ ಅಕ್ಕೋರು ಕಸಿದುಕೊಂಡು ಹೋದಂತಾಯಿತು. ತಪ್ಪಾಯಿತು ಅನ್ನುವುದಿದ್ದರೆ ಅಂದಿನಂತೆ ಎಲ್ಲರೆದುರಿಗೇ ಅನ್ನಬೇಕಿತ್ತು. ನಾನು ಕ್ಷಮಿಸಿಲ್ಲ. ಆದರೆ ಈಗ ಸಿಟ್ಟು ಮಾಡಲು ಅವರೂ ಇಲ್ಲ.

ನಿನ್ನೆ ಮಗಳು ಖಾಲಿ ಕಟ್ಟೆಯ ಮುಂದೆ ನಿಂತಳು. "ಅಕ್ಕೋರ ಎಲ್ಲಿ?" ಎಂದಳು.

ಇಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು.